ಹೋಲಿಸಿ ಬರೆಯುವ ಪ್ರಬಂಧ: ಗಡಿನಾಡಿನ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನಲ್ಲಿ ಬಿ.ಎ., ಎಂ.ಎ. ಮಕ್ಕಳಿಗೆ ಕಲಿಸುವ ನನಗೆ ಅಸೈನ್‌ಮೆಂಟ್ ಕೊಟ್ಟ ಮರುದಿನದಿಂದ ಪ್ರಶ್ನೆಗಳು ಶುರುವಾಗುತ್ತವೆ. ಸ್ಟಾಫ್ ರೂಮಿನ ಬಾಗಿಲಲ್ಲಿ, ಬಸ್ಸಿಗೆ ಕಾಯುವಾಗ, ರಾತ್ರಿ ವಾಟ್ಸಾಪಿನಲ್ಲಿ. ಎರಡು ಸಂಗತಿಗಳನ್ನು ಹೋಲಿಸಿ ಬರೆಯುವ ಪ್ರಬಂಧದ ಬಗ್ಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಕನ್ನಡ ವಿಭಾಗದವರು ಮಾತ್ರ ಅಲ್ಲ, ಇತಿಹಾಸ, ಅರ್ಥಶಾಸ್ತ್ರ, ಭೂಗೋಳ ಓದುವವರೂ ಕೇಳಿದ್ದಾರೆ.

## ಶುರು ಮಾಡುವವರಿಗೆ

ಟೀಚರ್, ಹೋಲಿಸಿ ಬರೆಯುವುದು ಅಂದರೆ ನಡುವೆ ಗೆರೆ ಹಾಕಿ ಎರಡು ಕಡೆ ಪಾಯಿಂಟ್ ಬರೆಯುವುದೇ ಅಲ್ವಾ?

ಶಾಲೆಯಲ್ಲಿ ಹೌದು. ಕಾಲೇಜಿನಲ್ಲಿ ಆ ಪಟ್ಟಿ ನಿಮ್ಮ ತಯಾರಿ ಮಾತ್ರ. ಪಟ್ಟಿಯನ್ನು ನೋಡಿ ನಿಮಗೆ ಏನು ತಿಳಿಯಿತು ಎಂದು ಹೇಳುವುದು ಪ್ರಬಂಧ.

ನಮ್ಮೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ಯಕ್ಷಗಾನ ಮತ್ತು ಕಥಕಳಿ. ಎರಡರಲ್ಲೂ ಚೆಂಡೆ, ಮದ್ದಳೆ ಇವೆ. ಎರಡರಲ್ಲೂ ರಾಮಾಯಣ, ಮಹಾಭಾರತದ ಕಥೆಗಳಿವೆ. ದೊಡ್ಡ ಕಿರೀಟ, ಮುಖ ತುಂಬ ಬಣ್ಣ ಇವೆ. ಆದರೆ ಕಥಕಳಿಯ ವೇಷಧಾರಿ ಮಾತಾಡುವುದಿಲ್ಲ. ಹಿಂದೆ ನಿಂತವರು ಹಾಡುತ್ತಾರೆ, ಇವರು ಕೈಮುದ್ರೆಯಲ್ಲಿ, ಕಣ್ಣಿನಲ್ಲಿ ಹೇಳುತ್ತಾರೆ. ಯಕ್ಷಗಾನದಲ್ಲಿ ಭಾಗವತರ ಪದ ಮುಗಿದ ಮೇಲೆ ವೇಷಧಾರಿಯೇ ಅರ್ಥ ಹೇಳುತ್ತಾರೆ. ಅದು ಬಾಯಿಪಾಠದ ಮಾತಲ್ಲ, ರಂಗಸ್ಥಳದಲ್ಲೇ ಹುಟ್ಟುವ ಮಾತು.

ಇಲ್ಲಿಯವರೆಗೆ ಆದದ್ದು ಪಟ್ಟಿ. "ಹಾಗಾದರೆ ರಾವಣ ತನ್ನ ಪಕ್ಷವನ್ನು ತಾನೇ ವಾದಿಸಲು ಯಾವುದರಲ್ಲಿ ಜಾಗ ಜಾಸ್ತಿ?" ಎಂದು ಕೇಳಿಕೊಂಡ ಕೂಡಲೇ ಪ್ರಬಂಧ ಶುರುವಾಯಿತು. ಯಕ್ಷಗಾನವನ್ನು ಮಾತ್ರ ನೋಡಿದವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಕಥಕಳಿಯನ್ನು ಪಕ್ಕದಲ್ಲಿಟ್ಟಾಗಲೇ ಹೊಳೆಯುತ್ತದೆ. ಹೋಲಿಸುವುದು ಅದಕ್ಕಾಗಿ.

ಮಲಯಾಳದಲ್ಲಿ 'ತಾರತಮ್ಯ' ಅಂತಾರಲ್ಲ, ಕನ್ನಡದಲ್ಲೂ ಹಾಗೇ ಬರೆದರೆ ತಪ್ಪಾ?

ತಪ್ಪು. ಗಡಿನಾಡಿನ ಮಕ್ಕಳ ಪ್ರಬಂಧಗಳಲ್ಲಿ ನಾನು ಹೆಚ್ಚು ಸಲ ತಿದ್ದಿದ ಪದ ಇದೇ ಇರಬೇಕು. ಮಲಯಾಳದಲ್ಲಿ 'ತಾರತಮ್ಯಂ' ಅಂದರೆ ಹೋಲಿಕೆ, 'ತಾರತಮ್ಯಪಠನಂ' ಅಂದರೆ ತೌಲನಿಕ ಅಧ್ಯಯನ. ಕನ್ನಡದಲ್ಲಿ ತಾರತಮ್ಯ ಅಂದರೆ ಭೇದಭಾವ, ಒಬ್ಬರಿಗೆ ಬೆಣ್ಣೆ ಇನ್ನೊಬ್ಬರಿಗೆ ಸುಣ್ಣ. "ಇಬ್ಬರು ಕವಿಗಳ ತಾರತಮ್ಯ" ಎಂದು ಶೀರ್ಷಿಕೆ ಕೊಟ್ಟರೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಓದುವವರು ಆ ಕವಿಗಳು ಯಾರಿಗೆ ಅನ್ಯಾಯ ಮಾಡಿದರು ಎಂದು ಹುಡುಕುತ್ತಾರೆ.

ಇಂಥ ಪದಗಳು ಇನ್ನೂ ಇವೆ. ಮಲಯಾಳದ 'ಉಪನ್ಯಾಸಂ' ಅಂದರೆ ಪ್ರಬಂಧ, ನಮ್ಮ ಉಪನ್ಯಾಸ ಅಂದರೆ ಭಾಷಣ. ಅಲ್ಲಿ 'ಅವಸರಂ' ಅಂದರೆ ಅವಕಾಶ, ಇಲ್ಲಿ ಅವಸರ ಅಂದರೆ ಗಡಿಬಿಡಿ. ಅಲ್ಲಿ 'ಸಂಸಾರಂ' ಅಂದರೆ ಮಾತು. ನಿಮಗೆ ಎರಡೂ ಭಾಷೆ ಬರುವುದರಿಂದಲೇ ಈ ತೊಂದರೆ ಆಗುತ್ತದೆ, ಅದಕ್ಕೆ ನಾಚಿಕೆ ಬೇಡ. ಬರೆದು ಮುಗಿಸಿದ ಮೇಲೆ ಇಂಥ ಪದಗಳಿಗಾಗಿಯೇ ಒಂದು ಸಲ ಓದಿ. ಶೀರ್ಷಿಕೆಗೆ 'ಹೋಲಿಕೆ', 'ತೌಲನಿಕ ಅಧ್ಯಯನ', 'ಸಾಮ್ಯ ಮತ್ತು ವ್ಯತ್ಯಾಸ' ಇವುಗಳಲ್ಲಿ ಯಾವುದಾದರೂ ಆಗುತ್ತದೆ.

ಪ್ರಶ್ನೆಪತ್ರಿಕೆಯಲ್ಲಿ ಬರೀ 'ಹೋಲಿಸಿ' ಅಂತ ಇದ್ದರೆ ವ್ಯತ್ಯಾಸ ಬರೀಬೇಕಾ?

ಬರೆಯಬೇಕು. 'ಹೋಲಿಸಿ' ಅಂದರೆ ಎರಡೂ ಸೇರಿತು. 'ವ್ಯತ್ಯಾಸ ತಿಳಿಸಿ' ಎಂದಿದ್ದರೆ ಸಾಮ್ಯಕ್ಕೆ ಒಂದೆರಡು ವಾಕ್ಯ ಸಾಕು.

ಯಾವ ಎರಡನ್ನು ಆರಿಸಬೇಕು ಅಂತಲೇ ಗೊತ್ತಾಗ್ತಿಲ್ಲ. ಏನು ಮಾಡಲಿ?

ನಡುವೆ ಒಂದು ಗಟ್ಟಿ ಸಾಮ್ಯ ಇರಬೇಕು, ಆ ಸಾಮ್ಯದ ಒಳಗೇ ಒಂದು ಆಶ್ಚರ್ಯದ ವ್ಯತ್ಯಾಸ ಇರಬೇಕು. ಮಂಜೇಶ್ವರದ ಗೋವಿಂದ ಪೈಯವರ ಎರಡು ಖಂಡಕಾವ್ಯಗಳನ್ನು ನೋಡಿ. 'ಗೊಲ್ಗೊಥಾ' ಯೇಸುವಿನ ಕೊನೆಯ ದಿನದ ಬಗ್ಗೆ, 'ವೈಶಾಖಿ' ಬುದ್ಧನ ಕೊನೆಯ ದಿನದ ಬಗ್ಗೆ. ಕವಿ ಒಬ್ಬರೇ, ವಸ್ತುವೂ ಒಂದೇ ಬಗೆಯದು, ಮಹಾಪುರುಷನ ಕೊನೆಯ ಗಳಿಗೆ. ಒಂದು ಕಡೆ ಶಿಲುಬೆಯ ಸಾವು, ಇನ್ನೊಂದು ಕಡೆ ಶಿಷ್ಯರ ನಡುವೆ ಪರಿನಿರ್ವಾಣ. ಹಿಂಸೆಯ ಸಾವಿಗೂ ಶಾಂತವಾದ ಸಾವಿಗೂ ಒಬ್ಬನೇ ಕವಿಯ ಭಾಷೆ ಹೇಗೆ ಬದಲಾಗುತ್ತದೆ? ಎಂ.ಎ. ವಿದ್ಯಾರ್ಥಿಗೆ ಇದು ಒಂದು ಸೆಮಿಸ್ಟರಿಗೆ ಆಗುವಷ್ಟು ಕೆಲಸ.

ಆರಿಸಿದ ಜೋಡಿ ಸರಿಯೇ ಎಂದು ನೋಡಲು ಸುಲಭದ ದಾರಿ ಇದೆ. "ಇವೆರಡೂ ಯಾವುದರ ಎರಡು ಬಗೆ?" ಎಂದು ಕೇಳಿಕೊಳ್ಳಿ. ತೆಯ್ಯಂ ಮತ್ತು ಭೂತಕೋಲ? ದೈವಾರಾಧನೆಯ ಎರಡು ಬಗೆ. ಉತ್ತರ ಥಟ್ಟನೆ ಬಂತು. ತೆಯ್ಯಂ ಮತ್ತು ಕ್ರಿಕೆಟ್? 'ಜನ ಸೇರುವ ಸಂದರ್ಭ' ಎಂದು ಎಳೆದು ತರಬೇಕು. ಹಾಗೆ ಎಳೆಯಬೇಕಾಗಿ ಬಂದರೆ ಬಿಟ್ಟುಬಿಡಿ.

## ಬರೆಯಲು ಕೂತವರಿಗೆ

ಬರೆಯುವ ಮೊದಲು ಎಷ್ಟು ತಯಾರಿ ಬೇಕು? ನಾನು ನೇರ ಬರೆಯಲು ಕೂರುತ್ತೇನೆ.

ನೇರ ಕೂತರೆ ಮೂರನೇ ಪ್ಯಾರಾದಲ್ಲಿ ಸಿಕ್ಕಿಬೀಳುತ್ತೀರಿ. ಮೊದಲು ಯಾವ ಯಾವ ಪ್ರಶ್ನೆಗಳನ್ನು ಎರಡಕ್ಕೂ ಕೇಳುತ್ತೀರಿ ಎಂದು ನಿರ್ಧರಿಸಿ. ಒಂದಕ್ಕೆ ಕೇಳಿದ್ದನ್ನೇ ಇನ್ನೊಂದಕ್ಕೂ ಕೇಳಬೇಕು, ಈ ನಿಯಮಕ್ಕೆ ರಿಯಾಯಿತಿ ಇಲ್ಲ.

ಒಬ್ಬ ಭೂಗೋಳದ ವಿದ್ಯಾರ್ಥಿನಿ ಸುರಂಗ ಮತ್ತು ಕೊಳವೆ ಬಾವಿಯನ್ನು ಆರಿಸಿಕೊಂಡಿದ್ದಳು. ಬಾಯಾರು, ಎಣ್ಮಕಜೆ ಕಡೆಯವರಿಗೆ ಸುರಂಗ ಏನೆಂದು ಹೇಳಬೇಕಾಗಿಲ್ಲ. ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಕಿರಿದಾದ ದಾರಿ, ಒಳಗೆ ಜಿನುಗುವ ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಅವಳ ಮೊದಲ ಪಟ್ಟಿಯಲ್ಲಿ ಸುರಂಗದ ಕೆಳಗೆ 'ಯಾರು ಕೊರೆಯುತ್ತಾರೆ, ಪಿಕ್ಕಾಸು, ಕತ್ತಲೆ, ಅಪಾಯ' ಎಂದಿತ್ತು. ಕೊಳವೆ ಬಾವಿಯ ಕೆಳಗೆ 'ಆಳ, ಖರ್ಚು, ಕರೆಂಟ್ ಬಿಲ್' ಎಂದಿತ್ತು. ಎರಡೂ ನಿಜ, ಆದರೆ ಒಂದಕ್ಕೊಂದು ಮುಖ ಕೊಡುತ್ತಿರಲಿಲ್ಲ. ಕೂತು ನಾಲ್ಕು ಪ್ರಶ್ನೆ ಮಾಡಿಕೊಂಡೆವು. ನೀರನ್ನು ಹೊರಗೆ ತರುವ ಶಕ್ತಿ ಯಾವುದು? ಕೊರೆಯುವ ಖರ್ಚು ಮತ್ತು ಆಮೇಲಿನ ಖರ್ಚು ಹೇಗೆ? ಬೇಸಿಗೆಯಲ್ಲಿ ಏನಾಗುತ್ತದೆ? ಎಷ್ಟು ನೀರು ತೆಗೆಯಬೇಕು ಎಂದು ಯಾರು ತೀರ್ಮಾನಿಸುತ್ತಾರೆ? ಕೊನೆಯ ಪ್ರಶ್ನೆ ಅವಳದೇ. ಇಡೀ ಪ್ರಬಂಧ ಅದರ ಮೇಲೆ ನಿಂತಿತು.

"ಎರಡರಲ್ಲೂ ಸಾಮ್ಯವೂ ಇದೆ, ವ್ಯತ್ಯಾಸವೂ ಇದೆ" ಅಂತ ಮುಖ್ಯ ವಾಕ್ಯ ಬರೆದೆ. ಮಾರ್ಕ್ ಯಾಕೆ ಬರಲಿಲ್ಲ?

ಆ ಮಾತು ಲೋಕದ ಯಾವ ಎರಡು ವಸ್ತುಗಳಿಗೂ ಹೊಂದುತ್ತದೆ. ಯಾರೂ ಇಲ್ಲ ಅನ್ನಲಾರದ ಮಾತು ವಾದ ಆಗುವುದಿಲ್ಲ. ನಾನು ಎಂ.ಎ. ಓದುವಾಗ ಹದಿನಾಲ್ಕು ಪುಟದ ಹೋಲಿಕೆ ಬರೆದುಕೊಟ್ಟಿದ್ದೆ. ಗುರುಗಳು ಕೊನೆಯಲ್ಲಿ ಪೆನ್ಸಿಲಿನಲ್ಲಿ "ಇಷ್ಟು ಬರೆದದ್ದು ಯಾಕಮ್ಮ?" ಎಂದಷ್ಟೇ ಬರೆದಿದ್ದರು. ಆ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಕೊಡಿ, ಅದೇ ನಿಮ್ಮ ಮುಖ್ಯ ವಾಕ್ಯ.

ಸುರಂಗದ ಪ್ರಬಂಧಕ್ಕೆ ಆ ಹುಡುಗಿ ಕೊನೆಗೆ ಬರೆದ ವಾಕ್ಯ ಇದು: "ಸುರಂಗದಲ್ಲಿ ಗುಡ್ಡ ಕೊಟ್ಟಷ್ಟು ನೀರನ್ನು ಮನುಷ್ಯ ತೆಗೆದುಕೊಳ್ಳುತ್ತಾನೆ, ಕೊಳವೆ ಬಾವಿಯಲ್ಲಿ ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತಾನೆ, ತೋಟ ಎಷ್ಟು ದೊಡ್ಡದಿರಬೇಕು ಎಂಬ ತೀರ್ಮಾನವೂ ಇದರಿಂದಲೇ ಬದಲಾಗುತ್ತದೆ." ಒಪ್ಪದವರು ಇದರ ಜೊತೆ ಜಗಳ ಆಡಬಹುದು. ಅಂಥ ವಾಕ್ಯವೇ ಬೇಕು.

ಮೊದಲು ಒಂದನ್ನು ಪೂರ್ತಿ ಬರೆದು ಆಮೇಲೆ ಇನ್ನೊಂದು ಬರೆಯುವುದಾ? ಪಾಯಿಂಟ್ ಪಾಯಿಂಟಾಗಿ ಬರೆಯುವುದಾ?

ಪರೀಕ್ಷೆಯಲ್ಲಿ ಒಂದೂವರೆ ಪುಟದ ಉತ್ತರಕ್ಕೆ ಮೊದಲ ಕ್ರಮ ಸಾಕು. ಒಂದು ಷರತ್ತು: ಎರಡನೆಯದನ್ನು ಬರೆಯುವಾಗ ಪ್ರತಿ ಹೆಜ್ಜೆಯಲ್ಲೂ ಮೊದಲನೆಯದನ್ನು ನೆನೆಸಿಕೊಳ್ಳಬೇಕು. ಇಲ್ಲದಿದ್ದರೆ ಎರಡು ಸಣ್ಣ ಟಿಪ್ಪಣಿಗಳಾಗುತ್ತವೆ. ಮೂರು ಪುಟ ದಾಟಿದರೆ ಅಂಶ ಅಂಶವಾಗಿ ಬರೆಯುವುದೇ ಒಳ್ಳೆಯದು ಎಂದು ನನ್ನ ಅನುಭವ. ಓದುವವರು ಮೊದಲ ಎರಡು ಪುಟದಲ್ಲಿ ಓದಿದ್ದನ್ನು ನಾಲ್ಕನೇ ಪುಟದವರೆಗೆ ತಲೆಯಲ್ಲಿ ಇಟ್ಟುಕೊಳ್ಳಬೇಕಾಗುವುದಿಲ್ಲ.

ಆದರೆ ಅಂಶ ಅಂಶವಾಗಿ ಬರೆಯುವಾಗ ಇನ್ನೊಂದು ಅಪಾಯ ಇದೆ. ಹೀಗೆ:

"ಸುರಂಗವನ್ನು ಅಡ್ಡಕ್ಕೆ ಕೊರೆಯುತ್ತಾರೆ. ಕೊಳವೆ ಬಾವಿಯನ್ನು ಕೆಳಕ್ಕೆ ಕೊರೆಯುತ್ತಾರೆ. ಸುರಂಗಕ್ಕೆ ಕರೆಂಟ್ ಬೇಡ. ಕೊಳವೆ ಬಾವಿಗೆ ಕರೆಂಟ್ ಬೇಕು."

ತಕ್ಕಡಿಯ ತಟ್ಟೆ ಮೇಲೆ ಕೆಳಗೆ ಆದ ಹಾಗೆ ವಾಕ್ಯಗಳು ಆಡುತ್ತಿವೆ, ಮುಂದೆ ಹೋಗುತ್ತಿಲ್ಲ. ಒಂದು ಅಂಶವನ್ನು ಹಿಡಿದು ಕೊನೆ ಮುಟ್ಟಿಸಿದರೆ ಹೀಗಾಗುತ್ತದೆ:

"ಸುರಂಗದ ನೀರು ತಾನಾಗಿ ಹರಿದು ಬರುತ್ತದೆ. ಗುಡ್ಡ ಒಣಗಿದಂತೆ ಏಪ್ರಿಲ್, ಮೇ ಹೊತ್ತಿಗೆ ಹರಿವು ಸಣ್ಣದಾಗುತ್ತದೆ, ಕೃಷಿಕನಿಗೆ ಅದು ಕಣ್ಣೆದುರೇ ಕಾಣುತ್ತದೆ. ಕೊಳವೆ ಬಾವಿಯಲ್ಲಿ ಸ್ವಿಚ್ ಹಾಕಿದರೆ ನೀರು. ಕೆಳಗೆ ನೀರಿನ ಮಟ್ಟ ಇಳಿಯುತ್ತಿರುವುದು ಪೈಪಿನಲ್ಲಿ ಗಾಳಿ ಬರುವ ದಿನದವರೆಗೂ ಗೊತ್ತಾಗುವುದಿಲ್ಲ. ಒಂದು ಕೊರತೆಯನ್ನು ಮೊದಲೇ ತಿಳಿಸುತ್ತದೆ, ಇನ್ನೊಂದು ಮುಚ್ಚಿಡುತ್ತದೆ."

ವಿಷಯ ಹೆಚ್ಚೇನೂ ಸೇರಿಲ್ಲ. ಆದರೆ ಪ್ಯಾರಾ ಒಂದು ಕಡೆಗೆ ನಡೆದು ಅಲ್ಲಿ ನಿಂತಿದೆ.

ಸಾಮ್ಯ ಎಷ್ಟು, ವ್ಯತ್ಯಾಸ ಎಷ್ಟು ಇರಬೇಕು? ಅರ್ಧ ಅರ್ಧವಾ?

ಅರ್ಧ ಅರ್ಧ ಬೇಡ. ಜನರಿಗೆ ಮೊದಲೇ ಗೊತ್ತಿರುವ ಕಡೆಯನ್ನು ಬೇಗ ಮುಗಿಸಿ, ಗೊತ್ತಿಲ್ಲದ ಕಡೆ ನಿಲ್ಲಿ. ಯಕ್ಷಗಾನ, ಕಥಕಳಿ ಬೇರೆ ಬೇರೆ ಎಂದು ಎಲ್ಲರಿಗೂ ಗೊತ್ತು, ಅಲ್ಲಿ ಸಾಮ್ಯಕ್ಕೆ ಜಾಗ ಕೊಡಿ. ತೆಂಕುತಿಟ್ಟು, ಬಡಗುತಿಟ್ಟು ಎರಡೂ ಯಕ್ಷಗಾನವೇ, ಅಲ್ಲಿ ವ್ಯತ್ಯಾಸಕ್ಕೆ ಕೊಡಿ.

'ಆದರೆ' ಹತ್ತು ಸಲ ಬಂದಿದೆ ಅಂತ ಕೆಂಪು ಗೆರೆ ಹಾಕಿದ್ದೀರಿ. ಬೇರೆ ಏನು ಬರೆಯಲಿ?

ಕನ್ನಡದಲ್ಲಿ ಹೋಲಿಸಲು ಯಾವಾಗಲೂ ಬೇರೆ ಪದವೇ ಬೇಕು ಎಂದೇನಿಲ್ಲ. ಪ್ರತ್ಯಯವೇ ಆ ಕೆಲಸ ಮಾಡುತ್ತದೆ. "ಯಕ್ಷಗಾನದಲ್ಲೂ ಕಥಕಳಿಯಲ್ಲೂ ಚೆಂಡೆ ಇದೆ" ಅಂದರೆ ಸಾಮ್ಯ ಮುಗಿಯಿತು. "ಅಲ್ಲಿ ಮುದ್ರೆ, ಇಲ್ಲಿ ಮಾತು" ಅಂದರೆ ವ್ಯತ್ಯಾಸ ಮುಗಿಯಿತು. 'ಕ್ಕಿಂತ', 'ಅಷ್ಟೇ', 'ಮಾತ್ರ', 'ಬದಲು', 'ಆದರೂ' ಇವನ್ನೆಲ್ಲ ಮಾತಾಡುವಾಗ ದಿನಕ್ಕೆ ನೂರು ಸಲ ಬಳಸುತ್ತೀರಿ, ಬರೆಯಲು ಕೂತಾಗ ಮರೆಯುತ್ತೀರಿ. 'ಒಂದೆಡೆ, ಮತ್ತೊಂದೆಡೆ' ಪ್ರಬಂಧಕ್ಕೆ ಒಂದು ಸಲ ಸಾಕು.

ಪೀಠಿಕೆಯಲ್ಲೇ ಒಂದು ಪುಟ ಹೋಗುತ್ತದೆ. ಸರಿಯಾ?

ಇಲ್ಲ. ಯಾವ ಎರಡು, ಯಾಕೆ ಜೊತೆಗಿಟ್ಟಿರಿ, ಏನು ಹೇಳಲು ಹೊರಟಿದ್ದೀರಿ. ಆರೇಳು ವಾಕ್ಯ. ಕಲೆಯ ಮಹತ್ವ, ನೀರಿನ ಮಹತ್ವ ಎಂದು ಶುರು ಮಾಡಬೇಡಿ.

## ಸ್ವಲ್ಪ ಮುಂದೆ ಹೋದವರಿಗೆ

ಒಂದು ಕನ್ನಡ ಕವಿತೆ, ಒಂದು ಮಲಯಾಳ ಕವಿತೆ ಆರಿಸಿದ್ದೇನೆ. ಮಲಯಾಳದ ಸಾಲನ್ನು ಹೇಗೆ ಕೊಡಲಿ?

ಸಾಲನ್ನು ಕನ್ನಡ ಲಿಪಿಯಲ್ಲಿ ಕೊಡಿ, ಕೆಳಗೆ ಅರ್ಥ ಕೊಡಿ. ಅರ್ಥ ನೀವೇ ಮಾಡಿದ್ದಾದರೆ 'ಅನುವಾದ ನನ್ನದು' ಎಂದು ಬರೆಯಿರಿ. ಅನುವಾದವನ್ನು ಮಾತ್ರ ಇಟ್ಟುಕೊಂಡು ಆ ಕವಿಯ ಶೈಲಿಯ ಬಗ್ಗೆ ಮಾತಾಡಬೇಡಿ, ಆಗ ನಿಮ್ಮ ಶೈಲಿಯ ಬಗ್ಗೆಯೇ ಮಾತಾಡಿದಂತೆ ಆಗುತ್ತದೆ.

ಮಲಯಾಳದಲ್ಲಿ ಮಳೆಗೆ ಹೇಳುವ ಪದದ ಎರಡನೇ ಅಕ್ಷರವನ್ನು 'ಳ' ಎಂದು ಬರೆದರೆ ಉಚ್ಚಾರ ತಪ್ಪುತ್ತದೆ. ಹಳಗನ್ನಡದ 'ೞ' ಅದಕ್ಕೆ ಸರಿಹೊಂದುತ್ತದೆ. ಹಳಗನ್ನಡದಲ್ಲೂ ಅದು 'ಮೞೆ'ಯೇ ಆಗಿತ್ತು. ನಾವು ಬಿಟ್ಟ ಆ ಅಕ್ಷರವನ್ನು ಮಲಯಾಳ ಉಳಿಸಿಕೊಂಡಿದೆ.

ಸಾಮ್ಯ ಕಂಡರೆ ಒಂದರಿಂದ ಇನ್ನೊಂದು ಬಂತು ಅಂತ ಬರೆಯಬಹುದಾ?

ತಡೆಯಿರಿ. ಒಳ್ಳೆಯ ಪ್ರಬಂಧಗಳೂ ಎಡವುವ ಜಾಗ ಇದು. ಸಾಮ್ಯ ಬೇರೆ ಬೇರೆ ಕಾರಣದಿಂದ ಬರುತ್ತದೆ.

ಕನ್ನಡದ ಹಾಲು, ಹಲ್ಲು, ಹತ್ತು ಮಲಯಾಳದಲ್ಲಿ ಪಾಲ್, ಪಲ್ಲ್, ಪತ್ತ್. ನಾವು ಅವರಿಂದ ತಂದದ್ದೂ ಅಲ್ಲ, ಅವರು ನಮ್ಮಿಂದ ಒಯ್ದದ್ದೂ ಅಲ್ಲ. ಹಳಗನ್ನಡದಲ್ಲೂ ಪಾಲ್, ಪಲ್, ಪತ್ತು ಎಂದೇ ಇತ್ತು, ಆಮೇಲೆ ನಮ್ಮ ಪಕಾರ ಹಕಾರವಾಯಿತು. ಬೇರು ಒಂದೇ ಆದ್ದರಿಂದ ಬಂದ ಸಾಮ್ಯ ಇದು. ನಮ್ಮ ಆಸ್ಪತ್ರೆ ಅವರ 'ಆಶುಪತ್ರಿ'ಯಂತೆ ಕೇಳುವುದಕ್ಕೆ ಕಾರಣವೇ ಬೇರೆ. ಹೊರಗಿನ ಒಂದೇ ಪದ ಎರಡು ಮನೆಗೂ ಹೊಕ್ಕಿತು. ಇನ್ನು ಕಾಸರಗೋಡಿನಲ್ಲೂ ಮಲೆನಾಡಿನಲ್ಲೂ ಹಳೆಯ ಮನೆಗಳಿಗೆ ಇಳಿಜಾರಿನ ಮಾಡು ಇದೆ. ಯಾರು ಯಾರಿಂದ ಕಲಿತರು ಎಂದು ಕೇಳಬೇಕಾಗಿಲ್ಲ, ಮಳೆ ಎರಡು ಕಡೆಯೂ ಒಂದೇ ಥರ ಸುರಿಯುತ್ತದೆ.

ಬೇರು, ಕೊಡುಕೊಳ್ಳುವಿಕೆ, ಪರಿಸ್ಥಿತಿ. ನಿಮ್ಮ ಸಾಮ್ಯ ಇವುಗಳಲ್ಲಿ ಯಾವುದರಿಂದ ಬಂತು ಎಂದು ಯೋಚಿಸಿ. ಆಧಾರ ಇಲ್ಲದಿದ್ದರೆ 'ಪ್ರಭಾವ' ಎಂಬ ಪದ ಬಳಸಬೇಡಿ, ಸಾಮ್ಯ ಇದೆ ಎಂದಷ್ಟೇ ಬರೆಯಿರಿ.

ವ್ಯತ್ಯಾಸಕ್ಕೂ ಇದೇ ಎಚ್ಚರ ಬೇಕು. ಕನ್ನಡದಲ್ಲಿ ಬಂದೆ, ಬಂದನು, ಬಂದಳು ಎಂದು ಕ್ರಿಯಾಪದ ಬದಲಾಗುತ್ತದೆ, ಮಲಯಾಳದಲ್ಲಿ ಎಲ್ಲರಿಗೂ 'ವನ್ನು' ಒಂದೇ. ಇದನ್ನು ನೋಡಿ ಒಬ್ಬ ವಿದ್ಯಾರ್ಥಿ "ಮಲಯಾಳದಲ್ಲಿ ಗಂಡು ಹೆಣ್ಣಿಗೆ ಸಮಾನತೆ ಹೆಚ್ಚು" ಎಂದು ಬರೆದ. ವ್ಯಾಕರಣದಿಂದ ಸಮಾಜಕ್ಕೆ ಹಾಗೆ ಹಾರಲು ಆಗುವುದಿಲ್ಲ. 'ಅವನ್', 'ಅವಳ್' ಮಲಯಾಳದಲ್ಲೂ ಬೇರೆ ಬೇರೆಯೇ ಅಲ್ವಾ?

1956ಕ್ಕೆ ಮೊದಲಿನ ಕಾಸರಗೋಡು, ಆಮೇಲಿನ ಕಾಸರಗೋಡು. ಒಂದೇ ಊರನ್ನು ಎರಡು ಕಾಲದಲ್ಲಿ ಹೋಲಿಸಬಹುದಾ?

ಹೋಲಿಸಬಹುದು, ತುಂಬ ಒಳ್ಳೆಯ ವಿಷಯ. 1956ರ ನವೆಂಬರ್ 1ರವರೆಗೆ ಇದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ದಿನ ಕೇರಳಕ್ಕೆ ಸೇರಿತು. ಪ್ರತ್ಯೇಕ ಜಿಲ್ಲೆ ಆದದ್ದು 1984ರ ಮೇ 24ರಂದು.

ಆದರೆ 1956ರ ನಂತರ ಆದದ್ದೆಲ್ಲ 1956ರಿಂದಲೇ ಆಯಿತು ಎಂದು ಬರೆಯಬೇಡಿ. ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋದದ್ದು ರಾಜ್ಯ ಬದಲಾದದ್ದರಿಂದಲೋ, ಕಾಲ ಬದಲಾದದ್ದರಿಂದಲೋ? ಎರಡು ಕಾಲವನ್ನು ಮಾತ್ರ ನೋಡುತ್ತಾ ಕೂತರೆ ಗೊತ್ತಾಗುವುದಿಲ್ಲ. ಪಕ್ಕದ ಪುತ್ತೂರನ್ನು ತನ್ನಿ. ಅದೇ ಹಳೆಯ ಜಿಲ್ಲೆಯಲ್ಲಿ ಇದ್ದದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಹೋಯಿತು. ಪುತ್ತೂರಿನಲ್ಲೂ ಅದೇ ಆಗಿದ್ದರೆ ಕಾರಣವನ್ನು ಗಡಿಯ ಮೇಲೆ ಹೊರಿಸಲು ಆಗುವುದಿಲ್ಲ. ಅಲ್ಲಿ ಆಗದೆ ಇಲ್ಲಿ ಮಾತ್ರ ಆದದ್ದು ಏನಾದರೂ ಇದ್ದರೆ, ಅಲ್ಲಿ ಅಗೆಯಿರಿ. ಇದು ನಮಗೆಲ್ಲ ನೋವಿನ ವಿಷಯ, ನನಗೂ. ನೋವು ಇರುವ ಕಡೆ ಕೈ ಬಿಗಿ ಹಿಡಿದು ಬರೆಯಬೇಕು. ಆಗ ನಮ್ಮ ಮಾತನ್ನು ಯಾರೂ ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಎರಡರಲ್ಲಿ ಒಂದರ ಬಗ್ಗೆ ಮಾತ್ರ ನನಗೆ ಚೆನ್ನಾಗಿ ಗೊತ್ತು. ಪಕ್ಷಪಾತ ಆಗ್ತದಾ?

ಗೊತ್ತಿರುವುದನ್ನೇ ಅಳತೆಗೋಲು ಮಾಡಿಕೊಂಡರೆ ಆಗುತ್ತದೆ. ಚಂದ್ರಗಿರಿ ಹೊಳೆಯ ಬಡಗಿನ ಮಕ್ಕಳು ಕೋಲ ನೋಡಿ ಬೆಳೆದಿರುತ್ತಾರೆ, ತೆಂಕಿನವರು ಹೆಚ್ಚಾಗಿ ತೆಯ್ಯಂ ನೋಡಿ. ಕೋಲದಲ್ಲಿ ದೈವದ ಕಥೆ ಹೇಳುವ ತುಳು ಹಾಡು ಪಾಡ್ದನ. ಕೋಲ ಗೊತ್ತಿದ್ದವರು "ತೆಯ್ಯಂನಲ್ಲಿ ಪಾಡ್ದನ ಇಲ್ಲ" ಎಂದು ಬರೆಯುತ್ತಾರೆ. ಅಲ್ಲಿ ದೈವದ ಕಥೆ ಹಾಡುವ ತೋಟ್ಟಂ ಪಾಟ್ಟ್ ಇದೆಯಲ್ಲ. 'ಇಲ್ಲ' ಎಂದು ಬರೆಯುವ ಮೊದಲು ಆ ಜಾಗದಲ್ಲಿ ಅಲ್ಲಿ ಏನಿದೆ ಎಂದು ಕೇಳಿ. ಸಾಧ್ಯವಾದರೆ ಹೊಳೆ ದಾಟಿ ಒಂದು ರಾತ್ರಿ ಕೂತು ನೋಡಿ ಬನ್ನಿ.

ನಮ್ಮ ಅಜ್ಜಿ ಹೇಳಿದ್ದನ್ನು ಆಧಾರ ಅಂತ ಕೊಡಬಹುದಾ?

ಕೊಡಬಹುದು, ಕೊಡಿ ಎಂದು ನಾನೇ ಹೇಳುತ್ತೇನೆ. ಸುರಂಗದ ಬಗ್ಗೆಯೋ ಕೋಲದ ಬಗ್ಗೆಯೋ ನಿಮ್ಮ ಅಜ್ಜಿಗೆ ಗೊತ್ತಿರುವುದರಲ್ಲಿ ಎಷ್ಟೋ ಪುಸ್ತಕಕ್ಕೆ ಬಂದೇ ಇಲ್ಲ. ಆದರೆ ಕೇಳಿದ ದಿನ, ಜಾಗ, ಅವರ ವಯಸ್ಸು ಬರೆದಿಡಿ. ಹೆಸರು ಹಾಕಲು ಒಪ್ಪಿಗೆ ಕೇಳಿ. ಅವರು ತುಳುವಿನಲ್ಲಿ ಹೇಳಿದ್ದರೆ ತುಳುವಿನಲ್ಲೇ ಬರೆದುಕೊಂಡು ಆಮೇಲೆ ಕನ್ನಡಕ್ಕೆ ತನ್ನಿ. ಅಜ್ಜಿ ನೋಡಿದ್ದು ಯಾವುದು, ಅವರು ಬೇರೆಯವರಿಂದ ಕೇಳಿದ್ದು ಯಾವುದು ಎಂದು ಬೇರ್ಪಡಿಸಿ.

ಹೋಲಿಕೆಯ ಪ್ರಬಂಧ ಆದ್ದರಿಂದ ಇನ್ನೊಂದು ಕೆಲಸ ಉಳಿಯುತ್ತದೆ. ಒಂದು ಕಡೆಗೆ ಅಜ್ಜಿಯ ಮಾತು ಇಟ್ಟು ಇನ್ನೊಂದು ಕಡೆಗೆ ಪುಸ್ತಕದ ಮಾತು ಇಟ್ಟರೆ ತೂಕ ಸರಿಯಾಗುವುದಿಲ್ಲ. ಒಂದು ಜೀವ ತುಂಬಿಕೊಂಡು ಕಾಣುತ್ತದೆ, ಇನ್ನೊಂದು ಒಣಗಿದಂತೆ ಕಾಣುತ್ತದೆ, ಓದುವವರು ಅದನ್ನೇ ನಿಜವಾದ ವ್ಯತ್ಯಾಸ ಎಂದುಕೊಳ್ಳುತ್ತಾರೆ. ಸುರಂಗದ ಹುಡುಗಿ ಅಜ್ಜನನ್ನು ಕೇಳಿದ ಮೇಲೆ ಕೊಳವೆ ಬಾವಿ ಕೊರೆಸಿದ ನೆರೆಮನೆಯ ಮಾವನ ಹತ್ತಿರವೂ ಹೋಗಿ ಅರ್ಧ ದಿನ ಕೂತಳು. ಎರಡು ಕಡೆಯಲ್ಲೂ ಅವೇ ನಾಲ್ಕು ಪ್ರಶ್ನೆ ಕೇಳಿದಳು.